ತ್ರಿಭುಜ ದೊಡ್ಡದಾದರೆ ಸೈನ್ ಬೆಲೆಯೂ ಹೆಚ್ಚಾಗಬೇಕಲ್ಲವೇ?

ಓದುಗರ ಪ್ರಶ್ನೆ: ಸೈನ್ 30° ಎಂದರೆ 1/2 ಎಂದು ಪಟ್ಟಿಯಲ್ಲಿದೆ. ಅದು ಯಾವ ತ್ರಿಭುಜದ್ದು? ಅದೇ 30° ಇಟ್ಟುಕೊಂಡು ದೊಡ್ಡ ತ್ರಿಭುಜ ಬರೆದರೆ ಕೋನದ ಎದುರಿನ ಬಾಹು ಉದ್ದವಾಗುತ್ತದೆ. ಆಗ ಸೈನ್ ಕೂಡ ಹೆಚ್ಚಾಗಬೇಕಲ್ಲವೇ?

ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಶುರುವಾದ ವಾರವೇ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮಕ್ಕಳು ಕೇಳುತ್ತಾರೆ, ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಅಪ್ಪ ಅಮ್ಮಂದಿರು ಕೇಳುತ್ತಾರೆ, ಒಮ್ಮೆ ಬಿ.ಎಸ್ಸಿ. ಮುಗಿಸಿದವರೊಬ್ಬರೂ ತುಸು ದನಿ ತಗ್ಗಿಸಿ ಕೇಳಿದರು. ಉತ್ತರ ಎರಡೇ ಅಕ್ಷರ: ಇಲ್ಲ. ಇಷ್ಟಕ್ಕೇ ಬಿಟ್ಟರೆ ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಅದಕ್ಕೇ ಈ ಸಲ ಬೇರುಸಮೇತ ಕೀಳುವ ಯೋಚನೆ.

ಕಂಪಾಸ್ ಪೆಟ್ಟಿಗೆ ತೆರೆಯಿರಿ. ಅದರಲ್ಲಿರುವ ಎರಡು ಮೂಲೆಮಟ್ಟಗಳಲ್ಲಿ ಉದ್ದಕ್ಕೆ ಚೂಪಾಗಿರುವುದರ ಕೋನಗಳು 30°, 60°, 90°. ಅದನ್ನು ಹಾಳೆಯ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆದು, ಅತಿ ಚಿಕ್ಕ ಬಾಹುವನ್ನೂ (30° ಕೋನದ ಎದುರಿನದು ಇದೇ) ಅತಿ ಉದ್ದದ ಬಾಹುವನ್ನೂ (ಲಂಬಕೋನದ ಎದುರಿರುವ ಇದಕ್ಕೆ ವಿಕರ್ಣ ಎಂದು ಹೆಸರು) ಅಳೆಯಿರಿ. ನನ್ನ ಮೇಜಿನ ಮೇಲಿರುವುದರಲ್ಲಿ 5.5 ಮತ್ತು 11 ಸೆಂಟಿಮೀಟರ್. ಮೂಲೆಮಟ್ಟದ ನಡುವೆ ಪುಟ್ಟ ತ್ರಿಭುಜಾಕಾರದ ಕಿಂಡಿ ಇದ್ದರೆ ಅದನ್ನೂ ಅಳೆಯಿರಿ. ನನ್ನದರಲ್ಲಿ 2 ಮತ್ತು 4. ಇನ್ನು ಕಪ್ಪುಹಲಗೆಗೆ ಬಳಸುವ ಮರದ ಮೂಲೆಮಟ್ಟ, ಅದೇ, ಅಂಚು ಸವೆದು ಸೀಮೆಸುಣ್ಣ ಮೆತ್ತಿಕೊಂಡಿರುವುದು: 25 ಮತ್ತು 50. ಮೂರರಲ್ಲೂ ಚಿಕ್ಕದು ಉದ್ದದ್ದರ ಅರ್ಧ. ಪಟ್ಟಿಯ 1/2 ಈ ಅರ್ಧವೇ.

ಇಷ್ಟಾದ ಮೇಲೂ ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತದೆ: "ಆದರೆ ಎದುರಿನ ಬಾಹು ದೊಡ್ಡದಾಯಿತಲ್ಲ ಸರ್?" ಆಯಿತಪ್ಪಾ, ಯಾರು ಇಲ್ಲ ಎಂದರು? ವಿಕರ್ಣವೂ ಜೊತೆಯಲ್ಲೇ ದೊಡ್ಡದಾಯಿತು, ಅದೂ ಅಷ್ಟೇ ಪಟ್ಟು. ಸೈನ್ ಎಂಬುದು ಬಾಹುವಿನ ಉದ್ದವಲ್ಲ, ಎರಡು ಬಾಹುಗಳ ಅನುಪಾತ: ಕೋನದ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಬರುವುದು. ಮನೆಯಲ್ಲಿ ಇಡ್ಲಿಗೆ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ನೆನೆಸುತ್ತಾರೆ ಎನ್ನಿ. ಮದುವೆ ಮನೆಯಲ್ಲಿ ಮೂವತ್ತು ಸೇರಿಗೆ ಹತ್ತು ಸೇರು. ಮದುವೆ ದೊಡ್ಡದೆಂದು ಉದ್ದಿನ ಪಾಲು ಹೆಚ್ಚಿಸಿದ ಅಡುಗೆಭಟ್ಟರನ್ನು ನಾನಂತೂ ಕಂಡಿಲ್ಲ.

ಅನುಪಾತ ಯಾವಾಗಲೂ ಹೀಗೆ ಉಳಿಯುತ್ತದೆಂದು ಯಾರು ಭರವಸೆ ಕೊಟ್ಟರು? ಹಿಂದೆ ಓದಿ ಮುಗಿಸಿದ ಸಮರೂಪ ತ್ರಿಭುಜಗಳ (ಗಾತ್ರ ಬೇರೆಯಾದರೂ ಆಕಾರ ಒಂದೇ ಆಗಿರುವವುಗಳ) ಪಾಠ. 30° ಕೋನದ ಒಂದು ಭುಜದ ಮೇಲೆ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಬಿಂದುಗಳನ್ನು ಗುರುತಿಸಿ, ಪ್ರತಿಯೊಂದರಿಂದಲೂ ಇನ್ನೊಂದು ಭುಜಕ್ಕೆ ಲಂಬ ಇಳಿಸಿ. ಒಂದರೊಳಗೊಂದು ಕೂತ ಲಂಬಕೋನ ತ್ರಿಭುಜಗಳು ಸಿಗುತ್ತವೆ. ಎಲ್ಲಕ್ಕೂ 30° ಒಂದೇ, ಲಂಬಕೋನ ಇದ್ದೇ ಇದೆ. ಎರಡು ಕೋನ ಸಮವಾದ ಮೇಲೆ ಮೂರನೆಯದು ಬೇರೆಯಾಗಲು ದಾರಿಯಿಲ್ಲ. ಆದ್ದರಿಂದ ಅವೆಲ್ಲ ಸಮರೂಪ, ಅನುರೂಪ ಬಾಹುಗಳ ಅನುಪಾತ ಒಂದೇ. ಆ ಪಾಠವನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿ ಮುಚ್ಚಿಟ್ಟವರಿಗೆ ತ್ರಿಕೋನಮಿತಿ ಆಕಾಶದಿಂದ ಉದುರಿದಂತೆ ಕಾಣುತ್ತದೆ.

ಇನ್ನೂ ಅನುಮಾನವಿದ್ದರೆ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿ ನೋಡಿ. "ಯಾವ ತ್ರಿಭುಜ ಸ್ವಾಮಿ?" ಎಂದು ಅದು ಕೇಳುವುದಿಲ್ಲ, 0.5 ಎನ್ನುತ್ತದೆ. (−0.988 ಎಂದು ತೋರಿಸಿದರೆ ಗಾಬರಿ ಬೇಡ, ಅದು ಡಿಗ್ರಿ ಬಿಟ್ಟು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿ ಕೂತಿದೆ.) ಕೊನೆಯದಾಗಿ, ಲಂಬಕೋನ ತ್ರಿಭುಜದಲ್ಲಿ ವಿಕರ್ಣಕ್ಕಿಂತ ಉದ್ದದ ಬಾಹು ಇಲ್ಲವಾದ್ದರಿಂದ ಸೈನ್ 1ನ್ನು ದಾಟುವಂತಿಲ್ಲ. ತ್ರಿಭುಜದ ಜೊತೆ ಸೈನ್ ಕೂಡ ಬೆಳೆಯುವುದಾದರೆ, ಆಟದ ಮೈದಾನದಲ್ಲಿ ಬರೆದ ತ್ರಿಭುಜದ ಸೈನ್ ಎಷ್ಟಾಗಬೇಕಿತ್ತು?

ಸರ್ವಸಮತೆಯ, ಅಂದರೆ ಆಕಾರದ ಜೊತೆ ಗಾತ್ರವೂ ಒಂದೇ ಆಗಿರುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಕೋನ ಸಮವಾದರೆ ಸಮರೂಪವಾಗುತ್ತವೆ, ಸರ್ವಸಮ ಆಗಲೇಬೇಕೆಂದಿಲ್ಲ. ನಿಯಮಗಳ ಹೆಸರನ್ನೇ ಗಮನಿಸಿ: ಬಾಹು-ಕೋನ-ಬಾಹು, ಕೋನ-ಬಾಹು-ಕೋನ, ಬಾಹು-ಬಾಹು-ಬಾಹು, ಲಂಬಕೋನ-ವಿಕರ್ಣ-ಬಾಹು. ಬಾಹು ಇಲ್ಲದ ನಿಯಮ ಒಂದೂ ಇಲ್ಲ. ಕೋನಗಳಿಂದ ಆಕಾರ ಸಿಗುತ್ತದೆ, ಗಾತ್ರ ಬೇಕಾದರೆ ಎಲ್ಲಾದರೂ ಒಂದು ಉದ್ದ ಅಳೆಯಲೇಬೇಕು. ಧ್ವಜಸ್ತಂಭದ ಎತ್ತರ ಕೇಳುವ ಲೆಕ್ಕದಲ್ಲಿ ಉನ್ನತ ಕೋನದ (ತುದಿ ನೋಡಲು ಕಣ್ಣೆತ್ತಬೇಕಾದ ಕೋನದ) ಜೊತೆ "ಬುಡದಿಂದ 20 ಮೀಟರ್ ದೂರದಲ್ಲಿ" ಎಂದು ಕೊಟ್ಟಿರುವುದು ಇದಕ್ಕಾಗಿಯೇ. ಆ 20 ಮೀಟರ್ ಬಿಟ್ಟುಹೋದರೆ ಪ್ರಶ್ನೆಪತ್ರಿಕೆ ತಯಾರಿಸಿದವರಿಗೂ ಉತ್ತರ ಸಿಗದು.

ಇಷ್ಟೆಲ್ಲ ಗದರಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಪ್ರಶ್ನೆಯನ್ನು ಆರ್ಯಭಟನ ಮುಂದೆ ಇಟ್ಟಿದ್ದರೆ ಆತ "ಹೌದು, ಹೆಚ್ಚಾಗುತ್ತದೆ" ಎನ್ನುತ್ತಿದ್ದ. ಕ್ರಿ.ಶ. 499ರ ಕಾಲದ ಅವನ 'ಆರ್ಯಭಟೀಯ'ದಲ್ಲಿ ಸೈನ್‌ನ ಜಾಗದಲ್ಲಿರುವ ಜ್ಯಾ ಅನುಪಾತವಲ್ಲ, ಉದ್ದ. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವೇ ಬಿಲ್ಲು, ಅದರ ತುದಿಗಳನ್ನು ಸೇರಿಸುವ ಗೆರೆ ಹೆದೆ, ಅದರ ಅರ್ಧ ಅವನ ಲೆಕ್ಕದ ಜ್ಯಾ. ವೃತ್ತ ದೊಡ್ಡದಾದರೆ ಹೆದೆಯೂ ಉದ್ದವಾಗಲೇಬೇಕು. ಅದಕ್ಕೇ ಅವನ ಪಟ್ಟಿ 3438 ತ್ರಿಜ್ಯದ ವೃತ್ತಕ್ಕೆ ಕಟ್ಟುಬಿದ್ದಿದೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಡಿಗ್ರಿಯ ಅರವತ್ತನೇ ಒಂದು ಪಾಲು ಕಲೆ, ವೃತ್ತದ 360 ಡಿಗ್ರಿಗೆ 21,600 ಕಲೆಗಳು. ಪರಿಧಿ ಅಷ್ಟಿದ್ದರೆ ತ್ರಿಜ್ಯ ಸರಿಸುಮಾರು 3438.

ಪಟ್ಟಿಯನ್ನು ಅವನು ಅಂಕಿಗಳಲ್ಲಿ ಬರೆಯಲಿಲ್ಲ, ಅಕ್ಷರಗಳಲ್ಲಿ ಬರೆದ. ಮೊದಲ ಪದ 'ಮಖಿ'. ವರ್ಗೀಯ ವ್ಯಂಜನಗಳಲ್ಲಿ ಮ ಎಷ್ಟನೆಯದು? ಕ ದಿಂದ ಎಣಿಸಿ: 25. ಖ ಎರಡನೆಯದು, ಇ ಸ್ವರ ಸೇರಿದರೆ ನೂರು ಪಟ್ಟು, ಅಂದರೆ 200. ಒಟ್ಟು 225. ಆಮೇಲೆ ಭಖಿ 224, ಫಖಿ 222, ಧಖಿ 219, ಣಖಿ 215, ಞಖಿ 210, ಙಖಿ 205, ಹಸ್ಝ 199. ಒಂದೊಂದು ಪದಕ್ಕೂ ಕೋನ 3 ಡಿಗ್ರಿ 45 ಕಲೆಯಷ್ಟು ಮುಂದೆ ಸರಿಯುತ್ತದೆ, ಆ ಹೆಜ್ಜೆಯಲ್ಲಿ ಜ್ಯಾ ಎಷ್ಟು ಹೆಚ್ಚುತ್ತದೆ ಎಂಬುದೇ ಪದದ ಬೆಲೆ. ಎಂಟು ಪದಕ್ಕೆ ಸರಿಯಾಗಿ 30°. ಈ ಎಂಟನ್ನೂ ಕೂಡಿ, ಕ್ಯಾಲ್ಕುಲೇಟರ್ ಬೇಡ, ಬೆರಳಲ್ಲೇ ಆಗುತ್ತದೆ. 1719 ಬರುತ್ತದೆ. 3438ರ ಅರ್ಧ.