ಹತ್ತು ಎಕರೆ ತೋಟಕ್ಕೆ 'ಎಸ್' ಬೇಕೆ?

ಹೋಂಸ್ಟೇ ನಡೆಸುವ ಚಿಕ್ಕಪ್ಪನಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದೆ. ಶುರುವಿನಲ್ಲೇ 'ಟೆನ್ ಏಕರ್ಸ್ ಎಸ್ಟೇಟ್'. ಹತ್ತು ಅಂದಮೇಲೆ ಬಹುವಚನ ತಾನೆ ಅಂದುಕೊಂಡಿದ್ದೆ. 'ಎ ಟೆನ್-ಏಕರ್ ಎಸ್ಟೇಟ್' ಆಗಬೇಕಿತ್ತು.

ಇಲ್ಲಿ ಮಾತು ಎಸ್ಟೇಟಿನದು. 'ಟೆನ್-ಏಕರ್' ಅದರ ಮುಂದೆ ನಿಂತ ಗುಣವಾಚಕ, ಅಷ್ಟೆ. ಇಂಗ್ಲಿಷಿನ ಗುಣವಾಚಕಕ್ಕೆ ಬಹುವಚನ ಇಲ್ಲ. 'ಟಾಲ್ಸ್ ಟ್ರೀಸ್' ಅಂತ ಯಾರೂ ಬರೆಯುವುದಿಲ್ಲವಲ್ಲ. ನಡುವಿನ ಅಡ್ಡಗೆರೆ ಎರಡು ಪದವನ್ನು ಒಂದಾಗಿ ಹೊಲಿಯುತ್ತದೆ.

ತಮಾಷೆ ಏನೆಂದರೆ, ನಮ್ಮ ಕಿವಿಗೆ ಇದು ಮೊದಲೇ ಗೊತ್ತು. 'ಹತ್ತು ಎಕರೆ ತೋಟ' ಅನ್ನುತ್ತೇವೆ, 'ಎಕರೆಗಳ ತೋಟ' ಅನ್ನುವುದಿಲ್ಲ. 'ಫೈವ್ ಸ್ಟಾರ್ಸ್ ಹೋಟೆಲ್' ಅಂದವರನ್ನು ನಾನಂತೂ ಕಂಡಿಲ್ಲ. ದುಬಾರೆಯಲ್ಲಿ ಆನೆಗಳು ಎಷ್ಟಿದ್ದರೂ ಅದು 'ಎಲಿಫೆಂಟ್ ಕ್ಯಾಂಪ್'. ಬಾಯಿತುಂಬ ಹಲ್ಲಿದ್ದರೂ 'ಟೂತ್‌ಬ್ರಷ್'. ಮಡಿಕೇರಿಯ ಬೋರ್ಡಿನಲ್ಲಿ 'ಸ್ಪೈಸಸ್' ಒಂಟಿಯಾಗಿದ್ದರೆ ಸರಿ. ಪಕ್ಕಕ್ಕೆ ಶಾಪ್ ಬಂತೋ, 'ಸ್ಪೈಸ್ ಶಾಪ್'.

ಆದರೆ ಅದೇ ಕಿವಿ ಇನ್ನೊಂದು ಕಡೆ ಕೈಕೊಡುತ್ತದೆ. 'ತೋಟ ಹತ್ತು ಎಕರೆ ಇದೆ' ಅನ್ನುವಾಗಲೂ ಕನ್ನಡದಲ್ಲಿ ಎಕರೆ ಏಕವಚನವೇ. ಹಾಗಾಗಿ 'ದಿ ಎಸ್ಟೇಟ್ ಈಸ್ ಟೆನ್ ಏಕರ್' ಅಂತ ಬರೆದುಬಿಡುತ್ತೇವೆ. ಇಂಗ್ಲಿಷಿಗೆ ಇಲ್ಲಿ 'ಏಕರ್ಸ್' ಬೇಕೇ ಬೇಕು. ಅಳತೆ ನಾಮಪದದ ಮುಂದೆ ಕೂತರೆ 'ಎಸ್' ಬೀಳುತ್ತದೆ, ಕ್ರಿಯಾಪದದ ಆಚೆ ಹೋದರೆ ಮರಳುತ್ತದೆ. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳನ್ನೇ ತಗೊಳ್ಳಿ: 'ಎ 1,748-ಮೀಟರ್ ಪೀಕ್', ಆದರೆ 'ದಿ ಪೀಕ್ ಈಸ್ 1,748 ಮೀಟರ್ಸ್ ಹೈ'. ಗೋಡೆಯಾದರೆ 'ಎ ಸಿಕ್ಸ್-ಫುಟ್ ವಾಲ್', ಆಮೇಲೆ 'ಸಿಕ್ಸ್ ಫೀಟ್ ಹೈ'. ನಾನು ತಪ್ಪುವುದು ಹೆಚ್ಚಾಗಿ ಇಲ್ಲೇ.

'ಎಸ್' ಬಿಡದ ಹಠಮಾರಿಗಳೂ ಇವೆ: ಸ್ಪೋರ್ಟ್ಸ್ ಡೇ, ಸೇವಿಂಗ್ಸ್ ಅಕೌಂಟ್, ಕಸ್ಟಮ್ಸ್ ಆಫೀಸರ್, ಗೂಡ್ಸ್ ಟ್ರೇನ್. (ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಗೂಡ್ಸ್ ಆಟೋ ಅಂದುಕೊಳ್ಳಿ.) 'ಎಸ್' ತೆಗೆದರೆ ಕೆಲವುದರ ಅರ್ಥವೇ ಬೇರೆಯಾಗುತ್ತದೆ, 'ಗುಡ್ ಟ್ರೇನ್' ಅಂದರೆ ಒಳ್ಳೆಯ ರೈಲು! ಇವನ್ನು ಬಾಯಿಪಾಠ ಮಾಡುವುದೇ ವಾಸಿ.

ಇನ್ನು ರಜೆ ಅರ್ಜಿ. ಹುತ್ತರಿ ಹಬ್ಬಕ್ಕೆ ಮೂರು ದಿನ ಬೇಕಾದರೆ 'ತ್ರೀ ಡೇಸ್ ಲೀವ್' ಸರಿಯೇ, ಆದರೆ ಅಲ್ಲಿನ 'ಎಸ್' ಆದಮೇಲೆ ಮೇಲುಗಡೆ ಒಂದು ಅಪಾಸ್ಟ್ರಫಿ ಇರಬೇಕು. ಅದು 'ಮೂರು ದಿನಗಳ' ಅನ್ನುವ ಷಷ್ಠಿ ವಿಭಕ್ತಿ. ಮುಂದೆ 'ಎ' ಹಾಕಿದರೆ ಮತ್ತೆ ಹಳೇ ದಾರಿ: 'ಎ ತ್ರೀ-ಡೇ ಹಾಲಿಡೇ'.