ಇಸಿಜಿ ನಾರ್ಮಲ್ ಬಂತು, ಸರಿ. ಮನಸ್ಸಿನ ವಿಚಾರ ಯಾರಾದರೂ ಕೇಳಿದರಾ?

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಮೇಲೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತಿದ್ದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಎಲ್ಲರಿಗೂ ಒಂದು ಇಸಿಜಿ ಬೇಕು, ಅದರಲ್ಲಿ ನಾರ್ಮಲ್ ಅಂತ ಬರಬೇಕು, ಅಷ್ಟೇ.

ಮಲಗಿಸಿ ತೆಗೆಯುವ ಇಸಿಜಿ ಹತ್ತು ಸೆಕೆಂಡಿನ ಲೆಕ್ಕ. ಹೃದಯದ ಬಡಿತ ಹೇಗಿದೆ, ಹಳೇ ಅಟ್ಯಾಕಿನ ಗುರುತು ಇದೆಯಾ ಅನ್ನುವುದು ಅದರಲ್ಲಿ ಕಾಣಬಹುದು. ರಕ್ತನಾಳದಲ್ಲಿ ಬ್ಲಾಕ್ ಬೆಳೆಯುತ್ತಿದ್ದರೂ ಅದು ನಾರ್ಮಲ್ ಬರಬಹುದು. ಹಾಗಂತ ಎಲ್ಲರೂ ಟ್ರೆಡ್‌ಮಿಲ್ ಟೆಸ್ಟಿಗೆ ಓಡಬೇಕಾಗಿಯೂ ಇಲ್ಲ, ಯಾವ ತೊಂದರೆಯೂ ಇಲ್ಲದವರಲ್ಲಿ ಅದು ಸುಮ್ನೆ ಸುಳ್ಳು ಗಾಬರಿ ಹುಟ್ಟಿಸುವುದೂ ಉಂಟು.

ನನಗೆ ಮೊದಲು ಬೇಕಾಗಿರುವುದು ಬಿಪಿ, ಶುಗರ್, ಕೊಲೆಸ್ಟ್ರಾಲ್ ಮತ್ತು ಸೊಂಟದ ಅಳತೆ. ನಮ್ಮಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಕೊಲೆಸ್ಟ್ರಾಲ್ ಅನ್ನು 18 ವರ್ಷಕ್ಕೇ ಒಮ್ಮೆ ನೋಡಿ ಅಂತ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲೇ ಹೇಳಿದೆ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ. ಸಾವಿರಾರು ರೂಪಾಯಿಯ ‘ಫುಲ್ ಬಾಡಿ ಪ್ಯಾಕೇಜ್’ ಬೇಕೇ ಬೇಕು ಅಂತೇನಿಲ್ಲ.

ಬಿಪಿ ನೋಡಿಸಿಕೊಳ್ಳುವ ರೀತಿ ಬಗ್ಗೆ ಒಂದು ಮಾತು. ಮೆಟ್ಟಿಲು ಹತ್ತಿ ಬಂದು, ಹೊರಗೆ ಒಂದು ಕಾಫಿ ಕುಡಿದು, ಅಂಗಿ ತೋಳಿನ ಮೇಲೇ ಪಟ್ಟಿ ಕಟ್ಟಿಸಿಕೊಂಡು, ಮಧ್ಯದಲ್ಲಿ ಫೋನ್ ಬಂದರೆ ಮಾತಾಡಿ, ಆಮೇಲೆ ‘150 ಬಂತಲ್ಲ ಡಾಕ್ಟ್ರೇ’ ಅಂದರೆ ಏನು ಹೇಳಲಿ? ಐದು ನಿಮಿಷ ಬೆನ್ನು ಆನಿಸಿ ಕೂತು, ಬರಿ ತೋಳಿಗೆ ಪಟ್ಟಿ ಕಟ್ಟಿ, ಎರಡು ಸಲ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಯಾವ ಪ್ಯಾಕೇಜಿನವರೂ ಕೇಳುವುದು ಕಮ್ಮಿ. ಸ್ಟೆಂಟ್ ಹಾಕಿಸಿಕೊಂಡು ಮೂರು ತಿಂಗಳಾದ ಒಬ್ಬರು ನನ್ನ ಹತ್ತಿರ ಬಂದಿದ್ದರು, ಕೆಲಸದಿಂದ ನಿವೃತ್ತರು, ರಿಪೋರ್ಟ್ ಎಲ್ಲ ಸರಿಯಿತ್ತು. ಎದ್ದು ಹೊರಡುವಾಗ ಅವರ ಹೆಂಡತಿ, ‘ಎಲ್ಲ ಸರಿ ಸಾರ್, ಆದ್ರೆ ಇವರು ಮನೇಲಿ ಮಾತೇ ಆಡಲ್ಲ, ವಾಕಿಂಗ್ ಬಿಟ್ಟರು, ಮಾತ್ರೆ ನಾನು ಕೈಗೆ ಕೊಟ್ಟರೆ ಮಾತ್ರ ನುಂಗ್ತಾರೆ’ ಅಂದರು. ಮತ್ತೆ ಕೂರಿಸಿದೆ. ಎರಡೇ ಪ್ರಶ್ನೆ ಕೇಳಿದೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅಂತ ಎಷ್ಟು ದಿನ ಅನ್ನಿಸಿತು? ಮನಸ್ಸು ಕುಗ್ಗಿದೆ, ಏನೂ ಭರವಸೆ ಇಲ್ಲ ಅಂತ ಎಷ್ಟು ದಿನ ಅನ್ನಿಸಿತು? ಸ್ವಲ್ಪ ಹೊತ್ತು ಕೆಳಗೆ ನೋಡುತ್ತಾ ಕೂತಿದ್ದು, ‘ದಿನಾಲೂ’ ಅಂದರು.

ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಅದರಿಂದ ಮುಂದಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಎಚ್ಚರಿಸಿದೆ. ಖಿನ್ನತೆ ಇದ್ದಾಗ ಒತ್ತಡದ ಹಾರ್ಮೋನು ಏರಿರುತ್ತದೆ, ನಿದ್ದೆ ಕೆಡುತ್ತದೆ, ರಕ್ತ ಹೆಪ್ಪುಗಟ್ಟುವ ಸ್ವಭಾವವೂ ಹೆಚ್ಚಬಹುದು. ಇದೆಲ್ಲಕ್ಕಿಂತ ನನಗೆ ಭಯ ಇರುವುದು ಮಾತ್ರೆ ಬಿಡುವುದಕ್ಕೆ. ಬದುಕಿದ್ದು ಏನಾಗಬೇಕು ಅನ್ನಿಸಿದವರು ಆಸ್ಪಿರಿನ್ ಯಾಕೆ ನುಂಗುತ್ತಾರೆ, ಅಲ್ವಾ?

ಊಟಕ್ಕೆ ಬರೋಣ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇದ್ದ 67 ಜನರ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ 12 ವಾರ ತರಕಾರಿ, ಕಾಳು, ಮೀನು, ಇಡೀ ಧಾನ್ಯದ ಊಟ ಹೇಳಿಕೊಟ್ಟರು, ಉಳಿದವರ ಜೊತೆ ಯಾರೋ ಕೂತು ಮಾತಾಡುತ್ತಿದ್ದರು. ಊಟ ಬದಲಿಸಿದವರಲ್ಲಿ ಸುಮಾರು 32 ಶೇಕಡಾ ಜನ ಖಿನ್ನತೆಯಿಂದ ಹೊರಬಂದರು, ಇನ್ನೊಂದು ಗುಂಪಿನಲ್ಲಿ 8 ಶೇಕಡಾ. ಸಣ್ಣ ಅಧ್ಯಯನ, ಅವರಲ್ಲಿ ಹಲವರು ಚಿಕಿತ್ಸೆಯಲ್ಲೂ ಇದ್ದರು, ಅದಕ್ಕೇ ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಆದರೆ ಆ ಊಟ ನೋಡಿ, ಹೃದಯಕ್ಕೆ ಒಳ್ಳೆಯದು ಅಂತ ನಾವು ವರ್ಷಗಟ್ಟಲೆ ಹೇಳುತ್ತಾ ಬಂದಿರುವುದೂ ಅದನ್ನೇ.

ಇದಕ್ಕೆ ಆಲಿವ್ ಎಣ್ಣೆ, ಕಿನೋವಾ ತರಬೇಕಿಲ್ಲ. ಹುರುಳಿ ಸಾರು, ಹೆಸರುಕಾಳಿನ ಉಸ್ಲಿ, ಬಸ್ಸಾರು, ಒಂದು ಹಿಡಿ ಕಡ್ಲೇಕಾಯಿ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದ್ದೇ ಇದೆ, ದಿನಾ ಎಣ್ಣೆಯಲ್ಲಿ ಕರಿಯುವ ಬದಲು ಸಾರು ಮಾಡಿ. ರಾಗಿ ಒಳ್ಳೆಯದೇ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ತಿಂದು ‘ಅನ್ನ ಬಿಟ್ಟಿದ್ದೀನಿ’ ಅಂದರೆ ಶುಗರ್ ಒಪ್ಪಲ್ಲ. ಮುದ್ದೆ ಚಿಕ್ಕದಾಗಲಿ, ಪಕ್ಕದ ಸೊಪ್ಪು-ಕಾಳು ಜಾಸ್ತಿಯಾಗಲಿ.

ಉಪ್ಪಿನ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚ, ಎಲ್ಲ ಸೇರಿ. ‘ಸಾರಿಗೆ ಉಪ್ಪು ಕಮ್ಮಿ ಮಾಡಿದ್ದೀವಿ’ ಅನ್ನುವವರ ತಟ್ಟೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಸಂಜೆಗೆ ಬೇಕರಿ ಖಾರ. ಅದರ ಲೆಕ್ಕ ಯಾರು ಇಟ್ಟರು?

ಇನ್ನೊಂದು, ವಿಟಮಿನ್ ಬಿ12. ಸಸ್ಯಾಹಾರಿಗಳಲ್ಲಿ, ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಬೆಳಿಗ್ಗೆ ಎದ್ದ ಕೂಡಲೇ ವರ್ಷಗಟ್ಟಲೆ ‘ಗ್ಯಾಸ್ ಮಾತ್ರೆ’ ನುಂಗುವವರಲ್ಲಿ ಇದು ಕಮ್ಮಿಯಾಗುವುದು ಸಾಮಾನ್ಯ. ಸುಸ್ತು, ಮರೆವು, ಕಾಲು ಜೋಮು, ಕಾರಣವಿಲ್ಲದ ಬೇಸರ ಇದ್ದರೆ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್ ಮೂರನ್ನೂ ನೋಡಿಸಿ. ಮನಸ್ಸಿನ ಕಾಯಿಲೆ ಅಂದುಕೊಂಡದ್ದು ಕೆಲವೊಮ್ಮೆ ಇಲ್ಲೇ ಸಿಗುತ್ತದೆ.

ಆ ನಿವೃತ್ತರಿಗೆ ಏನು ಮಾಡಿದೆವು ಅಂತ ಕೇಳಬಹುದು. ಬಿ12 ಕಮ್ಮಿಯಿತ್ತು, ಕೊಟ್ಟೆವು, ಆದರೆ ಅದೊಂದರಿಂದಲೇ ಸರಿಹೋಗಲಿಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಹೃದಯಕ್ಕೆ ತೊಂದರೆ ಕೊಡದ ಮಾತ್ರೆ ಶುರುಮಾಡಿದರು, ವಾಕಿಂಗಿಗೆ ಪಕ್ಕದ ಮನೆಯವರನ್ನು ಜೊತೆ ಮಾಡಿಕೊಟ್ಟಿದ್ದು ಹೆಂಡತಿ.

ನಿಮಗೋ ಮನೆಯವರಿಗೋ ಆ ಎರಡು ಪ್ರಶ್ನೆಗೆ ‘ಹೆಚ್ಚಿನ ದಿನ’ ಅನ್ನುವ ಉತ್ತರ ಬಂದರೆ ನಿಮ್ಮ ಹಾರ್ಟ್ ಡಾಕ್ಟರಿಗೇ ಹೇಳಿ, ಸಂಕೋಚ ಬೇಡ. ಅವರ ಅಪಾಯಿಂಟ್‌ಮೆಂಟ್ ದೂರ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಡಿದರೆ ಮಾತ್ರ ‘ಇದು ಟೆನ್ಷನ್ ಇರಬೇಕು’ ಅಂತ ಕೂರಬೇಡಿ. ಆಗ 108ಕ್ಕೆ ಫೋನ್ ಮಾಡಿ.