ಆ ಕಡಗ ದಿನಕ್ಕೆ ಎಷ್ಟು ಸಲ ಕೆಲಸ ಮಾಡುತ್ತೆ?

ದಾಳ ಹಾಕಿ, ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ತಾವೇ ಮಾಡಿದ ಮ್ಯಾಜಿಕ್ ಐಟಂ ತೋರಿಸಲು ಬರುವವರು ಹೆಚ್ಚಾಗಿ ಒಂದೇ ಮಾತಿನಿಂದ ಶುರು ಮಾಡುತ್ತಾರೆ. "ಅಕ್ಕಾ, ಓವರ್‌ಪವರ್ ಏನೂ ಇಲ್ಲ. ಡ್ಯಾಮೇಜ್ ಬರೀ 1ಡಿ6 ಅಷ್ಟೇ." 1ಡಿ6 ಅಂದರೆ ಆರು ಮುಖದ ಒಂದು ದಾಳ ಹಾಕಿದಾಗ ಬಂದಷ್ಟು. ಡ್ಯಾಮೇಜ್, ಅಂದರೆ ಶತ್ರುವಿಗೆ ಆಗುವ ಹಾನಿ, ಎಷ್ಟು ಅನ್ನೋದನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಹುಡುಕುವುದು ಅದು ಯಾವಾಗ ಕೆಲಸ ಮಾಡುತ್ತೆ ಅನ್ನೋ ಸಾಲನ್ನು. ದಿನಕ್ಕೆ ಒಂದು ಸಲವಾ? ಎಣಿಸಿ ಬಳಸುವ ಚಾರ್ಜ್ ಇದೆಯಾ? ಇಲ್ಲ, "ಹೊಡೆತ ಬಿದ್ದಾಗಲೆಲ್ಲ" ಅಂತ ಬರೆದಿದ್ದೀರಾ? ಹಾಗೆ ಬರೆದಿದ್ದರೆ ಪೆನ್ಸಿಲ್ ತಗೊಂಡು ಲೆಕ್ಕಕ್ಕೆ ಕೂರುತ್ತೇನೆ. ಈ ಲೆಕ್ಕ ಎಷ್ಟು ಸಲ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಅದೇ 1ಡಿ6 ಹಿಡಿದುಕೊಂಡು ಬರುತ್ತಾರೆ. ಹಾಗಾಗಿ ಬರೆದೇ ಇಡುತ್ತಿದ್ದೇನೆ.

ನಾನು ಹೇಳುತ್ತಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಬಗ್ಗೆ, ಅಂಕಿಗಳು 2014ರ ಪುಸ್ತಕಗಳವು. ಎಸಿ ಅಂದರೆ ಏಟು ತಗಲಲು ಹೊಡೆಯುವವರು ಮುಟ್ಟಬೇಕಾದ ಅಂಕಿ. ಸೇವ್ ಅಂದರೆ ದಾಳ ಹಾಕಿ ಮಂತ್ರದ ಹೊಡೆತವನ್ನು ತಪ್ಪಿಸಿಕೊಳ್ಳುವ ಇಲ್ಲವೇ ಕಡಿಮೆ ಮಾಡಿಕೊಳ್ಳುವ ಅವಕಾಶ. ಅಟ್ಯೂನ್‌ಮೆಂಟ್ ಅಂದರೆ ಕೆಲವು ಐಟಂ ಕೆಲಸ ಮಾಡಲು ಪಾತ್ರ ಅದರ ಜೊತೆ ಬೆಸೆದುಕೊಳ್ಳುವುದು.

ಒಂದು ಕಡಗ ಇದೆ ಅಂದುಕೊಳ್ಳಿ. ತೊಟ್ಟವರ ಹೊಡೆತ ಬಿದ್ದಾಗಲೆಲ್ಲ 1ಡಿ6 ಮಿಂಚಿನ ಡ್ಯಾಮೇಜ್ ಜಾಸ್ತಿ. ಅಂದರೆ ಸರಾಸರಿ ಮೂರೂವರೆ. ನೋಡಿದರೆ ಪಾಪ ಅನ್ನಿಸುತ್ತೆ. ಅದನ್ನು ಐದನೇ ಲೆವೆಲ್‌ನ ಫೈಟರ್, ಅಂದರೆ ಯೋಧನ ಪಾತ್ರದ, ಕೈಗೆ ಹಾಕಿ. ಅವನಿಗೆ ಒಂದು ಸರದಿಯಲ್ಲಿ ಎರಡು ಏಟು. ಒಂದು ಕಾಳಗ ನಾಲ್ಕು ಸುತ್ತು ನಡೆದರೆ ಎಂಟು ಏಟು. ಅದರಲ್ಲಿ ಶೇ. 65 ಬೀಳುತ್ತವೆ ಅಂದುಕೊಂಡರೂ ಐದು ಸಲ ಮಿಂಚು ಹೊಡೆಯುತ್ತೆ, ಸುಮಾರು 18 ಡ್ಯಾಮೇಜ್. ಮಧ್ಯಮ ಇಲ್ಲವೇ ಕಷ್ಟದ ಕಾಳಗಗಳನ್ನು ಒಂದು ಪಾರ್ಟಿ, ಅಂದರೆ ಪಾತ್ರಗಳ ತಂಡ, ದಿನಕ್ಕೆ 6ರಿಂದ 8ರವರೆಗೆ ತಡೆದುಕೊಳ್ಳುತ್ತೆ ಅನ್ನುತ್ತೆ ಆಟ ನಡೆಸುವ ಡಿಎಂಗಳ ಮಾರ್ಗದರ್ಶಿ. ಆರು ಅಂತಲೇ ಇಟ್ಟುಕೊಳ್ಳಿ. ದಿನ ಮುಗಿಯುವಾಗ ಆ ಬಡಪಾಯಿ ಕಡಗ ಹತ್ತಿರ ಹತ್ತಿರ 110 ಡ್ಯಾಮೇಜ್ ಮಾಡಿರುತ್ತೆ.

ಈಗ ಇನ್ನೊಂದು ಐಟಂ. ದಿನಕ್ಕೆ ಒಂದೇ ಸಲ ಬೆಂಕಿಯುಂಡೆಯ ಮಂತ್ರ ಫೈರ್‌ಬಾಲ್ ಬಿಡುವ ಉಂಗುರ. 8ಡಿ6 ಅಂದ ತಕ್ಷಣ ಎಲ್ಲರೂ ಹೌಹಾರುತ್ತಾರೆ. ಸರಾಸರಿ 28. ಮೂವರು ಶತ್ರುಗಳ ಮೇಲೆ ಬಿದ್ದು, ಮೂವರೂ ಸೇವ್ ತಪ್ಪಿದರೆ 84. ಒಬ್ಬ ಸೇವ್ ಮಾಡಿದರೂ ಅವನಿಗೆ ಅರ್ಧವೇ ಬಿದ್ದು, ಒಟ್ಟು 70ಕ್ಕೆ ಇಳಿಯುತ್ತೆ. ಅದಾದ ಮೇಲೆ ಆ ದಿನ ಅದು ಬರೀ ಉಂಗುರ. ಜನ ಉಂಗುರ ನೋಡಿ ಹೆದರುತ್ತಾರೆ, ಕಡಗವನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಅದಕ್ಕೇ ನಾನು ಇಷ್ಟು ಉದ್ದಕ್ಕೆ ಹೇಳುತ್ತಿರುವುದು. ಕಡಗ ಯಾರ ಗಮನಕ್ಕೂ ಬಾರದೆ ಕೆಲಸ ಮಾಡುತ್ತೆ. ಅದನ್ನು ಬಳಸಲು ಸರದಿಯ ಆಕ್ಷನ್ ಖರ್ಚು ಮಾಡುವುದು ಬೇಡ, ಯೋಚನೆಯೂ ಬೇಡ.

ಹಾಗಂತ ಈ ಲೆಕ್ಕವನ್ನು ಕಣ್ಣು ಮುಚ್ಚಿ ಎಲ್ಲ ಕಡೆ ಹಾಕಬೇಡಿ. ಬೆಂಗಳೂರಿನಲ್ಲಿ ನಾನು ಕಂಡ ಬಹಳಷ್ಟು ಟೇಬಲ್‌ಗಳಲ್ಲಿ ಭಾನುವಾರ ಮೂರು ಗಂಟೆ ಆಡಿದರೆ ಅದೇ ದೊಡ್ಡದು. ಅಷ್ಟರಲ್ಲಿ ಆಗುವುದು ಒಂದೇ ಕಾಳಗ, ಆಮೇಲೆ ಎಲ್ಲರೂ ಲಾಂಗ್ ರೆಸ್ಟ್, ಅಂದರೆ ಪಾತ್ರಗಳು ಮಲಗೆದ್ದು ಹೊಸ ದಿನ ಶುರು. ಅಂಥ ಟೇಬಲ್‌ನಲ್ಲಿ ಲೆಕ್ಕ ಉಲ್ಟಾ. ಕಡಗದ್ದು 18, ಉಂಗುರದ್ದು 84. "ದಿನಕ್ಕೊಂದು ಸಲ" ಅನ್ನೋದು ಅಲ್ಲಿ "ಪ್ರತಿ ಕಾಳಗದಲ್ಲೂ" ಅಂತಲೇ ಆಯಿತು. ಒಂದು ಐಟಂ ಬ್ಯಾಲೆನ್ಸ್ ಆಗಿದೆಯಾ ಅಂತ ಯಾರಾದರೂ ಕೇಳಿದಾಗ ನಾನು ತಕ್ಷಣ ಹೌದು ಅಥವಾ ಇಲ್ಲ ಅನ್ನದಿರುವುದು ಇದಕ್ಕೇ. ನಿಮ್ಮ ಟೇಬಲ್‌ನಲ್ಲಿ ಒಂದು ದಿನಕ್ಕೆ ಎಷ್ಟು ಕಾಳಗ ಅಂತ ತಿಳಿಯದೆ ಅದನ್ನು ಹೇಳಲು ಆಗಲ್ಲ.

ಡ್ಯಾಮೇಜ್ ಆದರೂ ಪರವಾಗಿಲ್ಲ, ಶತ್ರುವಿಗೆ ನಾಲ್ಕು ಹಿಟ್ ಪಾಯಿಂಟ್ (ಜೀವದ ಅಂಕಿ) ಜಾಸ್ತಿ ಕೊಟ್ಟು ಸರಿದೂಗಿಸಬಹುದು. ಸದಾ ಇರುವ ಎಸಿ ಬೋನಸ್ ಇದೆಯಲ್ಲ, ಅದು ಟೇಬಲ್ಲನ್ನೇ ಹಾಳು ಮಾಡುತ್ತೆ.

ಒಬ್ಬ ಹುಡುಗ ತನ್ನ ಧರ್ಮಯೋಧ ಪಾತ್ರ ಪ್ಯಾಲಡಿನ್‌ಗೆ ಕರ್ಣನ ಕವಚ ಕುಂಡಲ ಬರೆದುಕೊಂಡು ಬಂದಿದ್ದ. ಬಹಳ ಚೆನ್ನಾಗಿ ಬರೆದಿದ್ದ. ಸೂರ್ಯೋದಯಕ್ಕೆ ಕುಂಡಲ ಬೆಚ್ಚಗಾಗುತ್ತೆ, ಸುಳ್ಳು ಹೇಳಿದರೆ ಕಿವಿ ಸುಡುತ್ತೆ ಅಂತೆಲ್ಲ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ರಾತ್ರಿಯಿಡೀ ಯಕ್ಷಗಾನ ನೋಡಿದವನಂತೆ. ಬರೆದದ್ದರಲ್ಲಿ ಅದು ಗೊತ್ತಾಗುತ್ತಿತ್ತು. ಕೊನೆಯ ಸಾಲಿನಲ್ಲಿ ಎಸಿಗೆ +5, ಯಾವಾಗಲೂ. "ಕರ್ಣನ ಕವಚಕ್ಕೆ +5 ಆದರೂ ಬೇಡ್ವಾ?" ಅಂದ.

ಕಾಗದ ತಗೊಂಡು ಅವನ ಎದುರಿಗೇ ಬರೆದೆ. ಪ್ಲೇಟ್ ಕವಚ 18, ಗುರಾಣಿ 2, ಒಟ್ಟು 20. ಓಗರ್ ಅನ್ನೋ ರಾಕ್ಷಸ ಹೊಡೆಯುವಾಗ 20 ಮುಖದ ದಾಳದ ಅಂಕಿಗೆ +6 ಸೇರುತ್ತೆ. ದಾಳದಲ್ಲಿ 14 ಅಥವಾ ಮೇಲೆ ಬಿದ್ದರೆ ಏಟು ತಗಲುತ್ತೆ, ಅಂದರೆ 20ರಲ್ಲಿ 7 ಸಲ. ಕುಂಡಲ ಹಾಕಿದ ಮೇಲೆ ಎಸಿ 25. ಈಗ 19 ಅಥವಾ 20 ಬೀಳಬೇಕು, 20ರಲ್ಲಿ 2 ಸಲ. ಅವನ ಮುಖ ಅರಳಿತು. ಆಮೇಲೆ ಕೇಳಿದೆ, ನಿನ್ನ ಡಿಎಂ ಸುಮ್ನೆ ಕೂರ್ತಾರಾ? ಕೂರಲ್ಲ. ನಿನ್ನನ್ನು ಮುಟ್ಟುವಂಥ ಶತ್ರು ತರುತ್ತಾರೆ, +11 ಇರುವಂಥದ್ದು. ಆಗ ನಿನಗೆ ಮತ್ತೆ 20ರಲ್ಲಿ 7, ಮೊದಲಿನಷ್ಟೇ. ನಿನ್ನ ಪಕ್ಕದಲ್ಲಿ ಎಸಿ 13ರ ಮಂತ್ರವಾದಿ ವಿಝರ್ಡ್ ನಿಂತಿದ್ದಾಳಲ್ಲ, ಅವಳಿಗೆ ಓಗರ್ 20ರಲ್ಲಿ 14 ಸಲ ಹೊಡೆಯುತ್ತಿತ್ತು. ಈ ಹೊಸದು 19 ಸಲ ಹೊಡೆಯುತ್ತೆ. ಕುಂಡಲ ನಿನ್ನ ಕಿವಿಯಲ್ಲಿ, ಏಟು ಅವಳಿಗೆ.

ವಿಝರ್ಡ್ ಆಡುತ್ತಿದ್ದದ್ದು ಅವನ ತಂಗಿ. ಅದಕ್ಕೇ ಅನಿಸುತ್ತೆ, ಬೇಗ ಅರ್ಥವಾಯಿತು.

ಈ ಆವೃತ್ತಿಯಲ್ಲಿ ಅಂಕಿಗಳನ್ನು ಬೇಕಂತಲೇ ಬಿಗಿ ಹಿಡಿದಿದ್ದಾರೆ. ಪರಿಣತಿಗೆ ಸಿಗುವ ಪ್ರೊಫಿಷಿಯನ್ಸಿ ಬೋನಸ್ ಒಂದನೇ ಲೆವೆಲ್‌ನಲ್ಲಿ +2, ಇಪ್ಪತ್ತನೇ ಲೆವೆಲ್‌ಗೆ ಬಂದರೂ +6. ಇಡೀ ಜೀವಮಾನದಲ್ಲಿ ನಾಲ್ಕು ಮೆಟ್ಟಿಲು. ಅಂಥ ಕಡೆ +5 ಕೊಡುವುದು ಅಂದರೆ ಏನು ಅಂತ ಯೋಚಿಸಿ. ಪುಸ್ತಕದವರೂ ಇದನ್ನು ನೋಡಿಕೊಂಡೇ ನಡೆದಿದ್ದಾರೆ. ಐಟಂ ಎಷ್ಟು ಅಪರೂಪ ಅನ್ನೋ ರೇರಿಟಿ ಮೆಟ್ಟಿಲುಗಳಲ್ಲಿ +1 ಕತ್ತಿ ಅನ್‌ಕಾಮನ್, +1 ಕವಚ ಮಾತ್ರ ರೇರ್. +3 ಕತ್ತಿ ವೆರಿ ರೇರ್, +3 ಕವಚ ಲೆಜೆಂಡರಿ. ಒಂದೇ ಅಂಕಿಯಾದರೂ ಕವಚಕ್ಕೆ ಒಂದು ಮೆಟ್ಟಿಲು ಮೇಲೆ ಇಟ್ಟಿದ್ದಾರೆ.

ಪುಸ್ತಕವೇ ಎಲ್ಲ ಕಡೆ ಸರಿ ಅಂತಲೂ ಅಲ್ಲ. ಹಾರುವ ಪೊರಕೆ ಅಲ್ಲಿ ಅನ್‌ಕಾಮನ್. ಅಟ್ಯೂನ್‌ಮೆಂಟ್ ಬೇಡ, ಹೊತ್ತಿನ ಮಿತಿಯಿಲ್ಲ. ಒಂದು ಗಂಟೆ ಮಾತ್ರ ಹಾರಿಸುವ, ಕುಡಿದರೆ ಮುಗಿದೇಹೋಗುವ ಔಷಧಿ ವೆರಿ ರೇರ್. ಅದಕ್ಕೆ ರೇರಿಟಿ ಹೆಸರು ನೋಡಿ ಅಳೆಯಬೇಡಿ ಅನ್ನುತ್ತೇನೆ. ಇನ್ನು "ಅಟ್ಯೂನ್‌ಮೆಂಟ್ ಬೇಕು ಅಂತ ಹಾಕಿದ್ದೀನಲ್ಲ, ಸಾಕಲ್ವಾ" ಅನ್ನುವವರಿದ್ದಾರೆ. ಒಬ್ಬೊಬ್ಬರಿಗೂ ಮೂರು ಜಾಗ ಇವೆ. ಮೂರೂ ಖಾಲಿ ಇರುವ ನಾಲ್ಕನೇ ಲೆವೆಲ್ ಪಾತ್ರಕ್ಕೆ ಅದು ಯಾವ ಖರ್ಚೂ ಅಲ್ಲ. ಶಾಪ ಹಾಕಿ ಸರಿದೂಗಿಸುವುದೂ ಹಾಗೇ. ಆಟದಲ್ಲಿ ಎದುರಾಗದ ಶಾಪ ಶಾಪವೇ ಅಲ್ಲ. ಆ ಹುಡುಗನ ಪ್ಯಾಲಡಿನ್ ಹೇಗೂ ಸುಳ್ಳು ಹೇಳುತ್ತಿರಲಿಲ್ಲ. ಕಿವಿ ಸುಡುವುದೆಲ್ಲಿಂದ ಬಂತು?

ಅವನ ಕವಚಕ್ಕೆ ನಾನು ಏನು ಹೇಳಿದೆ ಅಂದರೆ, ಪರಿಹಾರ ಕರ್ಣನ ಕಥೆಯಲ್ಲೇ ಇದೆ. ಮೈಗೆ ಅಂಟಿಕೊಂಡು ಹುಟ್ಟಿದ ಕವಚ ಇದ್ದಷ್ಟು ದಿನ ಕಥೆ ಮುಂದೆ ಹೋಗುವ ಹಾಗಿರಲಿಲ್ಲ. ಇಂದ್ರನೇ ಬ್ರಾಹ್ಮಣನ ವೇಷದಲ್ಲಿ ಬಂದು ಬೇಡಬೇಕಾಯಿತು. ಬದಲಿಗೆ ಕೊಟ್ಟದ್ದು ಒಂದೇ ಸಲ ಬಿಡಬಹುದಾದ ಶಕ್ತ್ಯಾಯುಧ. ಅರ್ಜುನನಿಗೆ ಅಂತ ಕಾಪಾಡಿಕೊಂಡು ಬಂದದ್ದು ಯುದ್ಧದ ಆ ರಾತ್ರಿ ಘಟೋತ್ಕಚನ ಮೇಲೆ ಖರ್ಚಾಯಿತು. ಯಾವಾಗಲೂ ಇರುವುದನ್ನು ಕೊಟ್ಟು, ಒಂದೇ ಸಲದ್ದನ್ನು ತಗೊಂಡ. ಆಮೇಲಿನ ಎದೆಬಡಿತವೆಲ್ಲ ಅದನ್ನು ಯಾವಾಗ ಬಿಡುತ್ತಾನೆ ಅನ್ನುವುದರಲ್ಲೇ ಇತ್ತು.

ಹಾಗಾಗಿ ಕುಂಡಲವನ್ನು +1ಕ್ಕೆ ಇಳಿಸಿದೆವು. ಸೂರ್ಯೋದಯದ ಬಿಸಿ ಹಾಗೇ ಇರಲಿ ಅಂದೆ. ಕಥೆಯ ನಡುವೆ ಒಬ್ಬ ಮುದುಕ ಬಂದು ಅದನ್ನು ಬೇಡುತ್ತಾನೆ. ಕೊಟ್ಟರೆ ಒಂದು ಭರ್ಜಿ ಸಿಗುತ್ತೆ. ಎಸೆದರೆ ತಪ್ಪುವುದಿಲ್ಲ, 10ಡಿ6ಕ್ಕೆ 40 ಸೇರಿಸಿ, ಸರಾಸರಿ 75. ಒಂದೇ ಸಲ, ಆಮೇಲೆ ಮಾಯ. ಇಷ್ಟು ದೊಡ್ಡ ಅಂಕಿ ಬರೆಯಲು ನನಗೆ ಒಂದು ಚೂರೂ ಹೆದರಿಕೆ ಆಗಲಿಲ್ಲ. ಅವನು ಕೊಡಲು ಒಪ್ಪದಿದ್ದರೂ ತೊಂದರೆಯಿಲ್ಲ, +1 ಕುಂಡಲದಿಂದ ಯಾರ ತಂಗಿಯೂ ಸಾಯುವುದಿಲ್ಲ. ಆಡುವಾಗ ಅವನು ಕೊಟ್ಟನಂತೆ, ಡಿಎಂ ಪೂರ್ತಿ ಕೇಳುವ ಮುಂಚೆಯೇ.

ಯಾವಾಗಲೂ ಕೆಲಸ ಮಾಡುವ ಐಟಂ ಬರೆಯಲೇಬಾರದಾ ಅಂತ ಕೇಳುತ್ತಾರೆ. ಧಾರಾಳವಾಗಿ ಬರೆಯಿರಿ, ದಾಳದ ಅಂಕಿ ಮುಟ್ಟದಿರಲಿ. ಕ್ಲೋಕ್ ಆಫ್ ಬಿಲೋಯಿಂಗ್ ಅಂತ ಒಂದು ಇದೆ. ಬೇಕೆಂದಾಗ ಗಾಳಿಯಿಲ್ಲದೆಯೂ ರಾಜಠೀವಿಯಿಂದ ಹಾರಾಡುವ ಮೇಲಂಗಿ, ಅಷ್ಟೇ ಅದರ ಕೆಲಸ. ಅದನ್ನು ಪಡೆದವರು +2 ಕತ್ತಿಯನ್ನು ಮರೆತರೂ ಮೇಲಂಗಿಯನ್ನು ಮರೆತಿದ್ದನ್ನು ನಾನು ನೋಡಿಲ್ಲ. ಎಂದೂ ಆರದ ಲಾಟೀನು, ಮಳೆ ಬರುವ ಮುಂಚೆ ಗುನುಗುವ ತಂಬೂರಿ, ಯಾವ ಊರಿನ ನೀರು ಅಂತ ಹೇಳುವ ಚೊಂಬು, ಇಂಥವನ್ನು ಎಷ್ಟು ಬೇಕಾದರೂ ಕೊಡಿ.

ಈಗಾಗಲೇ +5 ಕೊಟ್ಟುಬಿಟ್ಟಿದ್ದರೆ ಕಳ್ಳರನ್ನು ಕಳಿಸಿ ಕದಿಯಬೇಡಿ. ಆಟಗಾರರನ್ನು ಪಕ್ಕಕ್ಕೆ ಕರೆದು ನೇರವಾಗಿ ಮಾತಾಡಿ. ಲೆಕ್ಕವನ್ನು ಅವರ ಎದುರಿಗೇ ಮಾಡಿ ತೋರಿಸಿ. ಬಹಳಷ್ಟು ಜನ ಒಪ್ಪುತ್ತಾರೆ, ಬದಲಿಗೆ ಏನಾದರೂ ಒಳ್ಳೆಯದನ್ನು ಕೊಟ್ಟರೆ.

ನನಗೆ ಐಟಂ ತೋರಿಸುವವರು ಜೊತೆಗೆ ಇಷ್ಟನ್ನು ಬರೆದು ತನ್ನಿ. ಪಾರ್ಟಿ ಯಾವ ಲೆವೆಲ್‌ನಲ್ಲಿದೆ, ಎರಡು ಲಾಂಗ್ ರೆಸ್ಟ್‌ಗಳ ನಡುವೆ ಸಾಮಾನ್ಯವಾಗಿ ಎಷ್ಟು ಕಾಳಗ ಆಗುತ್ತೆ, ಐಟಂ ಯಾರ ಕೈಗೆ ಹೋಗುತ್ತೆ, ಅವರು ಒಂದು ಸರದಿಯಲ್ಲಿ ಎಷ್ಟು ಏಟು ಹೊಡೆಯುತ್ತಾರೆ. ಪಕ್ಕದಲ್ಲಿ ಕೂರುವವರ ಎಸಿ ಎಷ್ಟು ಅನ್ನೋದನ್ನೂ ಬರೆಯಿರಿ.